ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರಗಳೂ ಸಭೆಯ ದಾಖಲೆ ಪುಸ್ತಕಗಳೂ: ಶಂಕರಘಟ್ಟ ಮತ್ತು ನ್ಯೂ ಟೌನನ್ನು ಮುಂದಿಟ್ಟುಕೊಂಡು

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ ಎರಡು ದೊಡ್ಡ ಯೋಜನೆಗಳು ರೂಪುಗೊಂಡವು. ಒಂದು, 1916ರ ಜುಲೈ ತಿಂಗಳಿನಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯ. ಇನ್ನೊಂದು, ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡುಗಳಿಂದ ಇದ್ದಿಲು, ಭದ್ರಾ ನದಿಯಿಂದ ನೀರು ಬಂದು ಸೇರಿ, 1923ರಲ್ಲಿ ಅಲ್ಲಿನ ಕುಲುಮೆಯಿಂದ ಮೊದಲ ಕಬ್ಬಿಣ ಹರಿಯಿತು. ಈ ಎರಡು ಸಂಸ್ಥೆಗಳ ದಾರಿಗಳು ಬಹಳ ಕಾಲದ ನಂತರ ಅದೇ ನದಿಯ ಸೀಮೆಯಲ್ಲಿ ಸಂಧಿಸಿದವು. ಮೈಸೂರು ವಿಶ್ವವಿದ್ಯಾಲಯವು ಭದ್ರಾ ಅಣೆಕಟ್ಟೆಯ ಬಳಿಯ ಬಿ.ಆರ್. ಪ್ರಾಜೆಕ್ಟಿನಲ್ಲಿ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆಯಿತು. ಅದೇ 1987ರಲ್ಲಿ ಸ್ವತಂತ್ರವಾದ ಕುವೆಂಪು ವಿಶ್ವವಿದ್ಯಾಲಯವಾಗಿ, ಶಂಕರಘಟ್ಟದ ಜ್ಞಾನ ಸಹ್ಯಾದ್ರಿಯಲ್ಲಿ ನೆಲೆಗೊಂಡಿತು. ಕಾರ್ಖಾನೆಯ ಜನರಿಗಾಗಿ ಬೆಳೆದ ಭದ್ರಾವತಿಯ ನ್ಯೂ ಟೌನಿನಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ.

ದಾರಿ ಇಷ್ಟು ಹತ್ತಿರವಿದ್ದರೂ ನ್ಯೂ ಟೌನಿನಂಥ ಊರಿನ ಕ್ರೈಸ್ತ ಸಭೆಗಳಿಗೂ ವಿಶ್ವವಿದ್ಯಾಲಯದ ಸಂಶೋಧನೆಗೂ ಏನು ಸಂಬಂಧವೆಂದು ಕೇಳಿದರೆ, ನಮ್ಮಲ್ಲಿ ಬಹುಮಂದಿಗೆ ಉತ್ತರ ತೋಚದು. ನಮ್ಮ ಮಕ್ಕಳು ಅಲ್ಲಿ ಪದವಿ ಪಡೆಯುತ್ತಾರೆ ಎನ್ನಬಹುದು, ಅದು ನಿಜವೇ. ನಾವು ಇಲ್ಲಿ ಕೇಳುತ್ತಿರುವುದು ಬೇರೊಂದು ಪ್ರಶ್ನೆಯನ್ನು. ವಿಶ್ವವಿದ್ಯಾಲಯದಲ್ಲಿ ಒಂದು ವಿಷಯಕ್ಕಾಗಿಯೇ ಮೀಸಲಾದ ಅಧ್ಯಯನ ಕೇಂದ್ರ ಹುಟ್ಟಿ ಬಾಳಲು ಏನು ಬೇಕು? ಹಣ, ಕಟ್ಟಡ, ಪ್ರಾಧ್ಯಾಪಕರ ಹುದ್ದೆ ಬೇಕೆಂಬುದನ್ನು ಎಲ್ಲರೂ ಬಲ್ಲರು. ಕರ್ನಾಟಕದ ಚರಿತ್ರೆಯನ್ನು ನೋಡಿದರೆ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಮತ್ತೊಂದು: ಯಾರೋ ನಂಬಿ ಒಪ್ಪಿಸಿದ ಸಾಮಗ್ರಿ, ಮತ್ತು ಅದನ್ನು ಕಾಯುವ ಜನ.

ಶಿವಮೊಗ್ಗ ಜಿಲ್ಲೆಗೆ ಈ ಮಾತು ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆಯಾದರೂ ಓದಬೇಕು. ಕಳಚುರಿ ಬಿಜ್ಜಳನ ಕಾಲದ ಆ ಬರಹವು ಮಠದಲ್ಲಿ ನಡೆಯುತ್ತಿದ್ದ ವಿದ್ಯಾಭ್ಯಾಸವನ್ನು ಸಾಲುಸಾಲಾಗಿ ಹೇಳುತ್ತದೆ. ನಾಲ್ಕು ವೇದಗಳೂ ಅವುಗಳ ಅಂಗಗಳೂ ಅಲ್ಲಿವೆ. ಪಾಣಿನಿಯದಷ್ಟೇ ಅಲ್ಲದೆ ಶಾಕಟಾಯನ ಮೊದಲಾದ ವ್ಯಾಕರಣಗಳೂ, ದರ್ಶನಗಳೂ, ಪುರಾಣಗಳೂ, ಕಾವ್ಯ ನಾಟಕಗಳೂ ಇವೆ. ಅದೇ ಉಸಿರಿನಲ್ಲಿ ಅದು ದೀನರಿಗೆ ಅನ್ನ ನೀಡುವ, ರೋಗಿಗಳಿಗೆ ಔಷಧ ಕೊಡುವ ಏರ್ಪಾಡನ್ನೂ ಹೇಳುತ್ತದೆ. ಮಠವನ್ನು ನಡೆಸಿದ ವಾಮಶಕ್ತಿ ಪಂಡಿತರಿಗೆ ಭೂಮಿಯ ದಾನವಿತ್ತು. ಆದರೆ ದಾನದಿಂದ ಮಾತ್ರ ವ್ಯಾಕರಣ ಉಳಿಯುವುದಿಲ್ಲ. ಗ್ರಂಥವೂ ಗುರುಪರಂಪರೆಯೂ ಒಂದೇ ಸೂರಿನ ಕೆಳಗಿದ್ದುದರಿಂದ ಅದು ಉಳಿಯಿತು.

ಈ ಶಾಸನವನ್ನು ಆಧುನಿಕ ಓದುಗರ ಮುಂದಿಟ್ಟವರು ಬಿ.ಎಲ್. ರೈಸ್. ಲಂಡನ್ ಮಿಷನರಿ ಸೊಸೈಟಿಯ ಬೋಧಕರಾದ ಬೆಂಜಮಿನ್ ಹೋಲ್ಟ್ ರೈಸ್ ಅವರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಕಟ್ಟಿದರು. ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ಎರಡು ಸಂಪುಟಗಳನ್ನು ಶಿವಮೊಗ್ಗ ಜಿಲ್ಲೆಗೇ ಮೀಸಲಿಟ್ಟರು. ಮಿಷನ್ ಮನೆಯಲ್ಲಿ ಬೆಳೆದವರು ಸರ್ಕಾರದ ಇಲಾಖೆಯಲ್ಲಿ ದುಡಿದು ಸಿದ್ಧಪಡಿಸಿದ್ದನ್ನು ಮುಂದೆ ವಿಶ್ವವಿದ್ಯಾಲಯವು ಕೈಗೆತ್ತಿಕೊಂಡಿತು. ನಾವು ಹೇಳಲಿರುವ ಚರಿತ್ರೆಯ ಹರಿವು ಬಹುಮಟ್ಟಿಗೆ ಹೀಗೆಯೇ ಇದೆ.

ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಉದಾಹರಣೆ ನಮ್ಮ ಓದುಗರಿಗೆ ಪರಿಚಿತ. 1843ರಲ್ಲಿ ಅವರು ಹೊರಡಿಸಿದ ಮಂಗಳೂರ ಸಮಾಚಾರವನ್ನು ಎಲ್ಲರೂ ನೆನೆಯುತ್ತಾರೆ. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು, ನಿವೃತ್ತ ನ್ಯಾಯಾಧೀಶ ಕಸಮೇಜರ್ ಅವರ ಧನಸಹಾಯದಿಂದ 1848ರಲ್ಲಿ ಅವರು ಆರಂಭಿಸಿದ ಬಿಬ್ಲಿಯೊಥೆಕಾ ಕರ್ನಾಟಕ ಎಂಬ ಮಾಲೆ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಆ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಬಂದವು. ಸುವಾರ್ತೆ ಸಾರಲು ಬಂದವರು ಅನ್ಯಮತದ ಗ್ರಂಥಗಳನ್ನು ಏಕೆ ಅಚ್ಚು ಹಾಕಬೇಕೆಂದು ಅಂದೂ ಕೇಳುವವರಿದ್ದಿರಬಹುದು. ಫರ್ಡಿನಾಂಡ್ ಕಿಟೆಲ್ ಅವರು ಇನ್ನೂ ಮುಂದೆ ಹೋದರು. 1853ರಲ್ಲಿ ಬಂದ ಅವರು ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆಗ ಕನ್ನಡ ನಾಡಿನಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಇಂದು ನಾವು ವಿಶೇಷ ಅಧ್ಯಯನ ಕೇಂದ್ರವೆಂದು ಕರೆಯುವುದನ್ನು ಬಲ್ಮಠದ ಗುಡ್ಡದ ಮೇಲಿನ ಮಿಷನ್ ಕೇಂದ್ರವು ಹೆಸರಿಲ್ಲದೆಯೇ ನಡೆಸುತ್ತಿತ್ತು: ಹಸ್ತಪ್ರತಿ, ಪಂಡಿತರು, ಮುದ್ರಣಾಲಯ, ಗ್ರಂಥಭಂಡಾರ, ಎಲ್ಲವೂ ಅಲ್ಲಿದ್ದವು.

ಮೈಸೂರಿನಲ್ಲಿ ಅದೇ ಕಾಲಕ್ಕೆ ಅರಸರ ಕಡೆಯಿಂದ ಇಂಥದೇ ಕೆಲಸ ಮೊದಲಾಗಿತ್ತು. 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯು ಊರೂರಿನಿಂದ ತಾಳೆಗರಿಗಳನ್ನು ತರಿಸಿ ಕೂಡಿಡುತ್ತಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಗರಿಗಳ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಪ್ರಕಟಿಸಿದರು. ಭಾರತದ ಪ್ರಾಚೀನ ರಾಜ್ಯಶಾಸ್ತ್ರದ ಬಗ್ಗೆ ಲೋಕಕ್ಕಿದ್ದ ತಿಳಿವಳಿಕೆಯೇ ಬದಲಾಯಿತು. ಗ್ರಂಥದ ಮಹತ್ವವನ್ನು ಒಪ್ಪಿಸಿದವರು ಅಳೆದಿರಲಿಲ್ಲ, ಪಡೆದವರೂ ಆ ಕ್ಷಣದಲ್ಲಿ ಅಳೆದಿರಲಿಲ್ಲ. ಆ ಗ್ರಂಥಾಲಯವು 1916ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿತು. ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಮೈಸೂರಿನಲ್ಲಿ ಸ್ಥಾಪನೆಯಾದಾಗ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕನ್ನಡ ವಿಭಾಗವನ್ನು ಅದಕ್ಕೆ ವರ್ಗಾಯಿಸಲಾಯಿತು. ಹೊಸ ಸಂಸ್ಥೆ ಬರಿಗೈಯಲ್ಲಿ ಹುಟ್ಟಲಿಲ್ಲ. ಮುಂದೆ ಅದು ವಿಶ್ವಕೋಶವನ್ನೂ, ರೈಸ್ ಅವರ ಶಾಸನ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನೂ ತರಲು ಇದೂ ಒಂದು ಕಾರಣ. ಧಾರವಾಡದಲ್ಲಿ ಮುಂಬಯಿ ಸರ್ಕಾರವು 1939ರಲ್ಲಿ ತೆರೆದ ಕನ್ನಡ ಸಂಶೋಧನ ಸಂಸ್ಥೆಯೂ ಶಾಸನ, ಹಸ್ತಪ್ರತಿ, ಪುರಾತನ ವಸ್ತುಗಳ ಸಂಗ್ರಹದ ಸುತ್ತಲೇ ಬೆಳೆದು, ಅನಂತರ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಯಿತು. ಕಿಟೆಲ್ ನಿಘಂಟಿನ ಗತಿಯೂ ಇದೇ, ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದಾಗ ನಾಲ್ಕು ಸಂಪುಟಗಳನ್ನು ಹೊರತಂದದ್ದು ಮದ್ರಾಸು ವಿಶ್ವವಿದ್ಯಾಲಯ.

ಈಗ ಕ್ರೈಸ್ತಧರ್ಮದ ಅಧ್ಯಯನ ಪೀಠಗಳ ಕಡೆಗೆ ಬರೋಣ. 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಹುಟ್ಟಿದ ಭಾರತದ ವಿಶ್ವವಿದ್ಯಾಲಯಗಳಲ್ಲಿ ದೈವಶಾಸ್ತ್ರಕ್ಕೆ ನಿಕಾಯವಿರಲಿಲ್ಲ. ಸರ್ಕಾರವು ಮತದ ವಿಷಯದಲ್ಲಿ ತಟಸ್ಥವಾಗಿರಬೇಕೆಂಬುದು ಆಗಿನ ನೀತಿ. ಆದ್ದರಿಂದ ನಮ್ಮ ದೈವಶಾಸ್ತ್ರವು ಸೆಮಿನರಿಗಳ ಆವರಣದಲ್ಲಿಯೂ ಸೆರಾಂಪುರದ ಪದವಿಗಳಲ್ಲಿಯೂ ಬೆಳೆಯಿತು. ವಿಶ್ವವಿದ್ಯಾಲಯವು ತನ್ನ ದಾರಿ ಹಿಡಿಯಿತು. ಸ್ವಾತಂತ್ರ್ಯಾನಂತರ ಧರ್ಮಗಳ ಅಧ್ಯಯನಕ್ಕೆ ವಿಶ್ವವಿದ್ಯಾಲಯಗಳು ಬಾಗಿಲು ತೆರೆದಾಗ ಮೈಸೂರಿನಲ್ಲಿ 1970ರ ದಶಕದ ಕೊನೆಗೆ, ಮದ್ರಾಸಿನಲ್ಲಿ 1980ರ ದಶಕದಲ್ಲಿ, ಮುಂದೆ ಮಂಗಳೂರಿನಲ್ಲಿಯೂ ಕ್ರೈಸ್ತ ಅಧ್ಯಯನದ ಪೀಠಗಳು ಬಂದವು. ಅಲ್ಲಿ ಪಾಠ ನಡೆದಿದೆ, ಉಪನ್ಯಾಸಗಳು ನಡೆದಿವೆ, ಪ್ರಬಂಧಗಳು ಬಂದಿವೆ. ಅವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಇಂಥ ಪೀಠಗಳಿಗೆ ಸಭೆಗಳ ಕಡೆಯಿಂದ ಸಂದದ್ದು ಹೆಚ್ಚಾಗಿ ದತ್ತಿ ಹಣ, ಉದ್ಘಾಟನೆಯ ದಿನದ ಪ್ರಾರ್ಥನೆ, ವರ್ಷಕ್ಕೊಮ್ಮೆ ಒಬ್ಬ ಉಪನ್ಯಾಸಕರು. ಕಿಟೆಲ್ ಅವರ ಕಾಲದಲ್ಲಿ ಕೊಡುವ ಕೈ ಬೇರೆ ರೀತಿಯದಾಗಿತ್ತು. ಹೀಗಾಗಿ ಕರ್ನಾಟಕದ ಕ್ರೈಸ್ತರನ್ನು ಕುರಿತ ಸಂಶೋಧನೆ ಇಂದಿಗೂ ಬಹುಪಾಲು ಮಿಷನರಿಗಳ ವಾರ್ಷಿಕ ವರದಿಗಳನ್ನೇ ನೆಚ್ಚಿಕೊಂಡಿದೆ. ಬರೆದವರು ಯೂರೋಪಿನವರು, ಓದುವವರು ಅಲ್ಲಿನ ದಾನಿಗಳು, ಬರಹವನ್ನು ಕಾಪಾಡಿದ್ದು ಬಾಸೆಲ್ ಮತ್ತು ಲಂಡನ್. ಇಲ್ಲಿನ ವಿಶ್ವಾಸಿಗಳ ಹೆಸರುಗಳು ಬೇರೊಂದು ಬಗೆಯ ಪುಸ್ತಕಗಳಲ್ಲಿವೆ. ಅವು ನಮ್ಮ ದೇವಾಲಯಗಳ ಕಪಾಟುಗಳಲ್ಲಿ, ದೀಕ್ಷಾಸ್ನಾನದ, ವಿವಾಹದ, ಸಮಾಧಿಯ ದಾಖಲೆ ಪುಸ್ತಕಗಳಾಗಿ ಕುಳಿತಿವೆ.

ಇಂಥ ಪುಸ್ತಕಗಳಿಂದ ಒಂದು ವಿಶ್ವವಿದ್ಯಾಲಯ ಏನು ಮಾಡಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಒಂದು ನಿದರ್ಶನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಟಿಂಗ್‌ಹ್ಯಾಮ್ ಸೀಮೆಯ ಕ್ಲೇವರ್ತ್ ಎಂಬ ಹಳ್ಳಿಯಲ್ಲಿ ವಿಲಿಯಂ ಸ್ಯಾಂಪ್ಸನ್ ಎಂಬ ಸಭಾಪಾಲಕರಿದ್ದರು. ಅವರು 1676ರಲ್ಲಿ ತಮ್ಮ ಊರಿನ ಪ್ರತಿಯೊಂದು ಮನೆಯ ಪ್ರತಿಯೊಬ್ಬರ ಹೆಸರನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟರು. ಹನ್ನೆರಡು ವರ್ಷಗಳ ನಂತರ, 1688ರಲ್ಲಿ, ಮತ್ತೊಮ್ಮೆ ಬರೆದರು. ಸುಮಾರು 400 ಜನರ ಹಳ್ಳಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪೀಟರ್ ಲ್ಯಾಸ್ಲೆಟ್ ಅವರು ಮುನ್ನೂರು ವರ್ಷಗಳ ಬಳಿಕ ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೆಸರು ಹೆಸರನ್ನು ಹೋಲಿಸಿದರು. ಹನ್ನೆರಡು ವರ್ಷಗಳಲ್ಲಿ ಊರಿನ ಸುಮಾರು 60% ಜನರು ಬದಲಾಗಿದ್ದರು. ಕೆಲವರು ತೀರಿಕೊಂಡಿದ್ದರು, ಬಹಳ ಮಂದಿ ಊರು ಬಿಟ್ಟಿದ್ದರು. ಹಳೆಯ ಕಾಲದ ಹಳ್ಳಿಗರು ಹುಟ್ಟಿದ ನೆಲದಲ್ಲಿಯೇ ಬೇರೂರಿದ್ದರೆಂಬ ನಂಬಿಕೆ ಅಲುಗಿತು. ಲ್ಯಾಸ್ಲೆಟ್ ಅವರೂ ಟೋನಿ ರಿಗ್ಲಿ ಅವರೂ 1964ರಲ್ಲಿ ಜನಸಂಖ್ಯೆಯ ಚರಿತ್ರೆಗೆ ಮೀಸಲಾದ ಒಂದು ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಊರೂರಿನ ಸ್ವಯಂಸೇವಕರು ತಮ್ಮ ಊರಿನ ಚರ್ಚಿಗೆ ಹೋಗಿ ದಾಖಲೆಗಳನ್ನು ನಕಲು ಮಾಡಿ ಕಳುಹಿಸಿದರು. ರಿಗ್ಲಿ ಮತ್ತು ಸ್ಕೋಫೀಲ್ಡ್ ಅವರು 1981ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಜನಸಂಖ್ಯಾ ಚರಿತ್ರೆಯು ಹೀಗೆ 404 ಸಭೆಗಳ ಪುಸ್ತಕಗಳ ಮೇಲೆ ನಿಂತಿದೆ. ಸ್ಯಾಂಪ್ಸನ್ ಅವರ ಪ್ರಸಂಗಗಳು ಯಾರಿಗೂ ನೆನಪಿಲ್ಲ. ಅವರು ಬರೆದಿಟ್ಟ ಪಟ್ಟಿ ಮಾತ್ರ ವಿದ್ವಾಂಸರ ಮೇಜಿನ ಮೇಲಿದೆ.

ಕ್ಲೇವರ್ತ್‌ನಿಂದ ನ್ಯೂ ಟೌನಿಗೆ ಮರಳಿದರೆ, ಊರು ಬದಲಾಗುವ ಪ್ರಶ್ನೆ ಇಲ್ಲಿ ಇನ್ನೂ ತೀವ್ರವಾಗಿದೆ. ಭದ್ರಾವತಿ ಕೂಲಿಯಿಂದ ಕಟ್ಟಿದ ಊರು. ಕಬ್ಬಿಣದ ಕಾರ್ಖಾನೆಯ ಹಿಂದೆಯೇ 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಹುಡುಕಿ ತಮಿಳು, ತೆಲುಗು, ಮಲಯಾಳ, ಉರ್ದು, ಕೊಂಕಣಿ ಮಾತನಾಡುವವರು ಕನ್ನಡಿಗರ ಜೊತೆಗೆ ಒಂದೇ ಸೈರನ್ನಿನ ಕೂಗಿಗೆ ಎದ್ದು ಹೊರಡುವಂತಾಯಿತು. ಹೀಗೆ ಬಂದವರಲ್ಲಿ ಕ್ರೈಸ್ತರೂ ಇದ್ದರು. ಹಳ್ಳಿಯಲ್ಲಿ ಬೆಳೆದ ಸಭೆಗೂ ಕಾರ್ಖಾನೆಯ ಊರಿನಲ್ಲಿ ಬೆಳೆದ ಸಭೆಗೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಕುಲವೂ ಕೇರಿಯೂ ಮೊದಲೇ ಇರುತ್ತವೆ, ಸಭೆ ಅವುಗಳ ನಡುವೆ ಹುಟ್ಟುತ್ತದೆ. ಇಲ್ಲಿ ಪರಸ್ಪರ ಗುರುತಿಲ್ಲದವರು, ಭಾಷೆಯೂ ಬೇರೆಯಾದವರು, ಮೊದಲು ಕೆಲಸದಲ್ಲಿ ಕಲೆತು ಅನಂತರ ಆರಾಧನೆಯಲ್ಲಿ ಕಲೆಯುತ್ತಾರೆ. ಅವರ ಮಕ್ಕಳು ಯಾವ ಭಾಷೆಯಲ್ಲಿ ಪ್ರಾರ್ಥಿಸಿದರು, ಯಾರ ಮನೆಯಿಂದ ಹೆಣ್ಣು ತಂದರು, ಜಾತಿಯ ಗೆರೆ ಕಾರ್ಖಾನೆಯ ಗೇಟಿನಲ್ಲಿ ಅಳಿಯಿತೇ, ಇಲ್ಲವೇ ದೇವಾಲಯದ ಬಾಗಿಲವರೆಗೂ ಬಂತೇ ಎಂಬ ಪ್ರಶ್ನೆಗಳಿಗೆ ಜನಗಣತಿಯಲ್ಲಿ ಉತ್ತರವಿಲ್ಲ. ಜನಗಣತಿಯು ತಲೆಗಳನ್ನು ಎಣಿಸುತ್ತದೆ, ನಂಟುಗಳನ್ನು ಎಣಿಸುವುದಿಲ್ಲ. ನಂಟುಗಳನ್ನು ಬರೆದಿಟ್ಟವರು ಗುರುಗಳು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ನಮೂನೆಯಲ್ಲಿ ವಧೂವರರ ವಯಸ್ಸು, ವೃತ್ತಿ, ವಾಸಸ್ಥಳ, ತಂದೆಯ ಹೆಸರು, ಎಲ್ಲಕ್ಕೂ ಅಂಕಣಗಳಿವೆ. ಕಥೋಲಿಕ ಸಭೆಯ ಕಾನೂನು ಸಂಹಿತೆಯು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇಂಥ ಪುಸ್ತಕಗಳನ್ನು ಇಡಬೇಕೆಂದು ವಿಧಿಸುವುದಲ್ಲದೆ, ಹಳೆಯವನ್ನು ಕಾಪಾಡಬೇಕೆಂದೂ ಹೇಳುತ್ತದೆ.

ಕಾಲ ಹೆಚ್ಚು ಉಳಿದಿಲ್ಲ. ಕಾಗದದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದಲ್ಲಿ ನಿಂತವು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಆರಂಭದಲ್ಲಿ ಪ್ರಕಟವಾದಾಗ ಕಾರ್ಮಿಕರು ಹೋರಾಟಕ್ಕೆ ಇಳಿದರು. ಕೆಲಸ ಕರಗಿದ ಊರಿನಿಂದ ಮನೆಗಳು ಖಾಲಿಯಾಗುತ್ತವೆ. ಬೆಂಗಳೂರಿಗೆ ಹೋದ ಮಕ್ಕಳು ತಂದೆತಾಯಿಯರನ್ನೂ ಕರೆದೊಯ್ಯುತ್ತಾರೆ. ಇದ್ದವರ ನೆನಪು ಹೋದ ಮೇಲೆ ಪುಸ್ತಕದ ಹೆಸರುಗಳನ್ನು ಬಿಡಿಸಿ ಹೇಳಬಲ್ಲವರೂ ಇರುವುದಿಲ್ಲ. ಮಲೆನಾಡಿನ ಮಳೆಯೂ ಗೆದ್ದಲೂ ಅಷ್ಟರವರೆಗೆ ಸುಮ್ಮನಿರುವುದಿಲ್ಲ.

ಹಾಗಾದರೆ ಆ ಪುಸ್ತಕಗಳನ್ನು ಶಂಕರಘಟ್ಟಕ್ಕೆ ಒಪ್ಪಿಸಿಬಿಡೋಣವೇ? ಇಲ್ಲಿ ನಮ್ಮ ಓದುಗರಾದ ಗುರುಗಳ ಹಿಂಜರಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಬ್ಬರ ಹಿಂದಿನ ಹೆಸರು, ಹಿಂದಿನ ಮತ, ಕೆಲವೆಡೆ ಜಾತಿ, ತಂದೆಯ ಹೆಸರಿಲ್ಲದ ಮಗು, ಎಲ್ಲವೂ ಇರಬಲ್ಲವು. ರಾಜ್ಯದಲ್ಲಿ 2022ರಲ್ಲಿ ಮತಾಂತರದ ಕುರಿತ ಕಾಯಿದೆ ಬಂದಾಗ ಇಂಥ ಪುಸ್ತಕ ಯಾರ ಕೈಗೆ ಸೇರೀತೆಂಬ ಚಿಂತೆ ಕೇವಲ ಊಹೆಯದಾಗಿರಲಿಲ್ಲ. ಮೀಸಲಾತಿಯ ಪ್ರಮಾಣಪತ್ರಗಳ ವಿಚಾರದಲ್ಲಿಯೂ ಒಂದು ಸಾಲು ಒಂದು ಕುಟುಂಬವನ್ನು ಕೆಡಿಸಬಲ್ಲದು. ಕುರಿಗಳನ್ನು ಕಾಯಬೇಕಾದವನು ಅವುಗಳ ಹೆಸರುಗಳನ್ನು ಬೀದಿಯಲ್ಲಿ ಕೂಗಲಾಗದು. ಆದ್ದರಿಂದ ಎಲ್ಲವನ್ನೂ ತೆರೆದಿಡಬೇಕೆಂಬ ವಿದ್ವಾಂಸರ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಏನನ್ನೂ ತೋರಿಸಕೂಡದೆಂಬ ವಾದವನ್ನೂ ಒಪ್ಪುವುದಿಲ್ಲ. ಮೂಡಬಿದಿರೆಯ ಜೈನರು ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಇಟ್ಟಿದ್ದರು. ಬಹಳ ಚರ್ಚೆಯ ನಂತರ ಪ್ರತಿ ಮಾಡಲು ಒಪ್ಪಿದರು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅವು ಅಚ್ಚಾದವು. ಮೂಲವು ಬಸದಿಯನ್ನು ಬಿಟ್ಟು ಹೋಗಲಿಲ್ಲ, ಪಾಠ ಲೋಕಕ್ಕೆ ತಲುಪಿತು. ಬ್ರಿಟಿಷ್ ಲೈಬ್ರರಿಯು ಅಪಾಯದಲ್ಲಿರುವ ದಾಖಲೆಗಳಿಗಾಗಿ 2004ರಲ್ಲಿ ಆರಂಭಿಸಿದ ಯೋಜನೆಯೂ ಇದೇ ಕ್ರಮವನ್ನು ಅನುಸರಿಸುತ್ತದೆ: ಮೂಲ ಪ್ರತಿ ಆ ದೇಶದಲ್ಲಿಯೇ, ಚಿತ್ರಪ್ರತಿ ಓದುಗರಿಗೆ. ಬ್ರಿಟನ್ನಿನ ಜನಗಣತಿಯ ಮನೆವಾರು ಪಟ್ಟಿಗಳು 100 ವರ್ಷ ಮುಚ್ಚಿದ್ದು ಅನಂತರವೇ ತೆರೆಯುತ್ತವೆ. ಇಂಥ ಒಂದು ಗಡುವನ್ನು ನಮ್ಮ ಧರ್ಮಪ್ರಾಂತ್ಯಗಳೂ ಡಯಾಸಿಸ್‌ಗಳೂ ತಾವೇ ಗೊತ್ತುಮಾಡಿ, ವಿಶ್ವವಿದ್ಯಾಲಯದೊಡನೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಬಹುದು. ಗಡುವಿನೊಳಗಿನ ಪುಸ್ತಕಗಳಿಂದ ಹೆಸರುಗಳನ್ನು ಬಿಟ್ಟು ವೃತ್ತಿ, ವಯಸ್ಸು, ಹುಟ್ಟೂರುಗಳನ್ನು ಮಾತ್ರ ನಕಲು ಮಾಡಿ ಕೊಡಲು ಯಾವ ಅಡ್ಡಿಯೂ ಇಲ್ಲ.

ಎಜ್ರನ ಗ್ರಂಥವನ್ನು ಈ ಕಣ್ಣಿನಿಂದ ಓದಿದರೆ ದಾಖಲೆಯ ಎರಡು ಮುಖಗಳೂ ಕಾಣುತ್ತವೆ. ಎರಡನೆಯ ಅಧ್ಯಾಯದಲ್ಲಿ ಸೆರೆಯಿಂದ ಮರಳಿದ ಕೆಲವು ಯಾಜಕ ಕುಟುಂಬಗಳು ವಂಶಾವಳಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿ, ಕಾಣದೆ, ಯಾಜಕತ್ವದಿಂದ ಹೊರಗುಳಿಯುತ್ತವೆ. ಪುಸ್ತಕವು ಜನರನ್ನು ಹೊರಗಿಡಲೂ ಬಲ್ಲದು. ಗುರುಗಳ ಅಂಜಿಕೆಗೆ ಬೈಬಲಿನಲ್ಲಿಯೇ ಆಧಾರವಿದೆ. ಆರನೆಯ ಅಧ್ಯಾಯದಲ್ಲಿ ದೇವಾಲಯದ ಕೆಲಸಕ್ಕೆ ಅಡ್ಡಿ ಬಂದಾಗ ದಾರ್ಯಾವೆಷನ ಅಪ್ಪಣೆಯಂತೆ ಹುಡುಕಾಟ ನಡೆಯುತ್ತದೆ. ಮೊದಲು ಬಾಬೆಲಿನಲ್ಲಿ ಹುಡುಕುತ್ತಾರೆ. ಕೋರೆಷನ ಆಜ್ಞೆಯ ಸುರುಳಿ ಸಿಗುವುದು ದೂರದ ಮೇದ್ಯ ಸೀಮೆಯ ಕೋಟೆಯಲ್ಲಿ. ಅನ್ಯರಾಜನ ಭಂಡಾರದಲ್ಲಿ ಯಾರೋ ಲೇಖಕನು ಜೋಪಾನವಾಗಿಟ್ಟ ಸುರುಳಿಯಿಂದ ದೇವಜನರ ಕೆಲಸ ಮುಂದುವರಿಯಿತು. ಹಾಗೆ ನೋಡಿದರೆ ಸರ್ಕಾರದ ವಿಶ್ವವಿದ್ಯಾಲಯವನ್ನು ಹೊರಗಿನದೆಂದು ದೂರವಿಡುವುದಕ್ಕೆ ಶಾಸ್ತ್ರಾಧಾರ ಸಿಗುವುದು ಕಷ್ಟ.

ಶಿವಮೊಗ್ಗ ಸೀಮೆಯಲ್ಲಿ ಕೆಲಸವನ್ನು ಎಲ್ಲಿಂದ ಮೊದಲುಮಾಡಬಹುದೆಂದರೆ, ಪೀಠ ಬೇಕೆಂಬ ಮನವಿಪತ್ರದಿಂದ ಅಲ್ಲ. ಶಂಕರಘಟ್ಟದಲ್ಲಿ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ವಿಭಾಗಗಳಿವೆ. ವಿಷಯಕ್ಕಾಗಿ ಹುಡುಕುವ ಸಂಶೋಧನಾ ವಿದ್ಯಾರ್ಥಿಗಳು ಪ್ರತಿವರ್ಷ ಬರುತ್ತಾರೆ. ನಮ್ಮ ಕಡೆಯಿಂದ ಮೊದಲು ಬೇಕಾದದ್ದು ಒಂದು ಪಟ್ಟಿ: ಯಾವ ಸಭೆಯಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗಿನ ಪುಸ್ತಕಗಳಿವೆ, ಯಾವ ಭಾಷೆಯಲ್ಲಿವೆ, ಎಷ್ಟು ಪುಟ ಹಾಳಾಗಿವೆ. ಬೇಸಿಗೆಯ ರಜೆಯಲ್ಲಿ ಸಭಾಸೇವೆಗೆ ಹೋಗುವ ಸೆಮಿನರಿ ವಿದ್ಯಾರ್ಥಿ ಒಂದು ವಾರದಲ್ಲಿ ಇದನ್ನು ಮಾಡಿ ಮುಗಿಸಬಲ್ಲನು; ಪುಸ್ತಕದೊಳಗಿನ ಒಂದು ಹೆಸರನ್ನೂ ಅವನು ಹೊರಗೆ ತರಬೇಕಾಗಿಲ್ಲ. ಆ ಊರಿನ ಹಿರಿಯ ಕಾರ್ಮಿಕರು ಇನ್ನೂ ಇರುವಾಗಲೇ ಅವರ ಬಳಿ ಕುಳಿತು, ಕಾರ್ಖಾನೆಯ ಯಾವ ವಿಭಾಗದಲ್ಲಿ ಯಾವ ಊರಿನವರು ಇದ್ದರು, ಮೊದಲ ಆರಾಧನೆಗಳು ಯಾರ ಕ್ವಾರ್ಟರ್ಸಿನಲ್ಲಿ ನಡೆದವು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ವಿವಾಹ ಪುಸ್ತಕದ ವೃತ್ತಿ ಎಂಬ ಅಂಕಣದಲ್ಲಿ ಗುರುಗಳು ಅವಸರದಲ್ಲಿ ಬರೆದ ಒಂದೆರಡು ಅಕ್ಷರಗಳು ಕುಲುಮೆಯ ಕೆಲಸವನ್ನು ಸೂಚಿಸುತ್ತವೆಯೋ ಕಾಗದದ ಯಂತ್ರದ ಕೆಲಸವನ್ನೋ ಎಂಬುದನ್ನು ಹೇಳಬಲ್ಲವರು ಅವರೊಬ್ಬರೇ.